ಯಾರ ಗರಡಿ?

‘ಯಾರ ಗರಡೀಲಿ ಪಳಗಿದೋನ್ಲಾ ನೀನು?’ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ಮಾತು ಕುಸ್ತಿ ಹುಡುಗನಿಗಷ್ಟೇ ಮೀಸಲಲ್ಲ. ತಂಬೂರಿ ಹಿಡಿದು ಪದ ಹೇಳುವವನಿಗೂ ಸಲ್ಲುತ್ತದೆ, ಮೊದಲ ಸಲ ಪಂಚಾಯಿತಿ ಚುನಾವಣೆಗೆ ನಿಂತವನಿಗೂ ಸಲ್ಲುತ್ತದೆ.

ಗರಡಿ ಎಂದರೆ ಮೊದಲಿಗೆ ಮಣ್ಣು. ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಹೊಕ್ಕರೆ ಆಂಜನೇಯನ ಪಟ, ಗೋಡೆಗೊರಗಿದ ಗದೆ, ನಡುವೆ ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ. ಮಟ್ಟಿಗೆ ಕೈಮುಗಿದೇ ತೊಡೆ ತಟ್ಟಬೇಕು. ದಂಡ, ಬಸ್ಕಿ ಹೊಡೆದು ಮೈ ಹುರಿಗೊಂಡ ಮೇಲೆ ಉಸ್ತಾದರು ಒಂದೊಂದೇ ಪಟ್ಟು ಹೇಳಿಕೊಡುತ್ತಾರೆ.

ಗ್ರೀಕರ ಸಾಮುಶಾಲೆಗೆ ಲ್ಯಾಟಿನ್ನಿನಲ್ಲಿ ‘ಗಿಮ್ನಾಸಿಯಮ್’ ಎಂದು ಹೆಸರು. ಗ್ರೀಕಿನ ‘ಗಿಮ್ನೋಸ್’ ಎಂದರೆ ಬೆತ್ತಲೆ; ಅಲ್ಲಿ ಬಟ್ಟೆ ಕಳಚಿಟ್ಟು ಸಾಮು ಮಾಡುತ್ತಿದ್ದರು. ಪ್ಲೇಟೋನ ಅಕಾಡೆಮಿ, ಅರಿಸ್ಟಾಟಲನ ಲೈಸಿಯಮ್ ಎರಡೂ ಬೆಳೆದದ್ದು ಅಥೆನ್ಸಿನ ಇಂಥ ಜಾಗಗಳಲ್ಲೇ. ಹಾಗಾಗಿ ರೋಮನರ ಬಾಯಲ್ಲಿ ಆ ಪದಕ್ಕೆ ತತ್ವಶಾಸ್ತ್ರದ ಶಾಲೆ ಎಂಬ ಅರ್ಥವೂ ಕೂಡಿಕೊಂಡಿತು. ಆಮೇಲೆ ಪದ ಇಬ್ಭಾಗವಾಯಿತು. ಜರ್ಮನಿಯಲ್ಲಿ ಗಿಮ್ನಾಸಿಯಮ್ ಎಂದರೆ ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಅಣಿಗೊಳಿಸುವ ಪ್ರೌಢಶಾಲೆ. ಇಂಗ್ಲಿಷಿನಲ್ಲಿ ಓದು ಉದುರಿ ಮೈ ಉಳಿಯಿತು. ನಮ್ಮ ಪೇಟೆಬೀದಿಗೆ ಬಂದ ‘ಜಿಮ್’ ಅದೇ.

ಗರಡಿ ಮಾತ್ರ ಎರಡನ್ನೂ ಬಿಟ್ಟುಕೊಡಲಿಲ್ಲ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ 1972ರ ‘ನಾಗರಹಾವು’ ಚಿತ್ರದಲ್ಲಿ ಜಲೀಲನಾಗಿ ತೆರೆಗೆ ಬಂದರು. ಅವರನ್ನು ಆ ಚಿತ್ರದ ನಿರ್ದೇಶಕ ಪುಟ್ಟಣ್ಣ ಕಣಗಾಲರ ಗರಡಿಯ ಹುಡುಗ ಎಂದರೆ ಅರ್ಥ ಬಿಡಿಸಿ ಹೇಳುವುದು ಬೇಕಿಲ್ಲ. ಮುಂದೆ ಅವರೇ ಮಂಡ್ಯದಿಂದ ಲೋಕಸಭೆಗೆ ಹೋದರು. ಚುನಾವಣೆಗೆ ಇಳಿಯುವುದನ್ನೂ ನಾವು ಅಖಾಡಕ್ಕೆ ಇಳಿಯುವುದು ಎಂದೇ ಹೇಳುತ್ತೇವೆ. ಸೆಡ್ಡು ಹೊಡೆಯುವುದು, ಮಣ್ಣು ಮುಕ್ಕಿಸುವುದು ಎಲ್ಲವೂ ಮಟ್ಟಿಯ ಮಾತುಗಳೇ.

ಜಿಮ್ ಬಗ್ಗೆ ಕೇಳುವಾಗ ‘ಯಾವ ಜಿಮ್’ ಎನ್ನುತ್ತೇವೆ. ಉತ್ತರವಾಗಿ ಒಂದು ವಿಳಾಸ ಸಿಗುತ್ತದೆ. ಗರಡಿಗೆ ಬಂದರೆ ‘ಯಾವ’ ಹೋಗಿ ‘ಯಾರ’ ಬರುತ್ತದೆ. ಉತ್ತರವಾಗಿ ಒಬ್ಬ ಗುರುವಿನ ಹೆಸರು ಸಿಗುತ್ತದೆ. ಕಲಿತವನ ಬೆನ್ನ ಹಿಂದೆ ಕಲಿಸಿದವನು ಸದಾ ನಿಂತಿರುತ್ತಾನೆ ಎಂಬ ನಂಬಿಕೆಯನ್ನು ಈ ಪದ ಹೊತ್ತುಕೊಂಡೇ ಓಡಾಡುತ್ತಿದೆ.

ಅದಕ್ಕೇ ಬೀಗ ಬಿದ್ದ ಗರಡಿಮನೆ ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜಿಮ್ಮುಗಳು ಬೆಳೆಯಲಿ, ಹುಡುಗರ ಮೈ ಗಟ್ಟಿಯಾಗಲಿ. ಜೊತೆಗೆ, ಮುಂಜಾನೆ ಎದ್ದು ಮಟ್ಟಿ ಅಗೆದು ಮಣ್ಣು ಸಡಿಲಿಸುವ ಕೈಗಳು ಊರಿಗೊಂದು ಜೋಡಿಯಾದರೂ ಇರಲಿ. ‘ಯಾರ ಗರಡಿ’ ಎಂದು ಕೇಳಿದಾಗ ಹೇಳಲು ನಮ್ಮ ಮಕ್ಕಳಿಗೂ ಒಂದು ಹೆಸರು ಬೇಕು.