ಕಾಗೋಡಿನಲ್ಲಿ ಉತ್ತವರೂ ಅಪರಾಧಿಗಳೇ ಆಗಿದ್ದರು

ಅಡಿಕೆ ಸುಗ್ಗಿ ಬಂತೆಂದರೆ ನನ್ನಂಥ ಸ್ಟ್ರಿಂಗರ್‌ಗೆ ಒಂದು ಸುದ್ದಿ ಗ್ಯಾರಂಟಿ. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ರಾತ್ರೋರಾತ್ರಿ ಮಾಯ. ಇಂಥದ್ದೇ ಒಂದು ಸುದ್ದಿಗೆ ಹೊಸನಗರ ಕಡೆಯ ಮನೆಯೊಂದಕ್ಕೆ ಹೋಗಿದ್ದೆ. ಎರಡು ಚೀಲ ಅಡಿಕೆ ಕಳೆದುಕೊಂಡಿದ್ದ ಯಜಮಾನರು ಕಾಫಿ ಕೊಟ್ಟು, ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದರು. ತಲೆ ಬೋಳಿಸಿದ ನೂರಾರು ಕೈದಿಗಳು ಬರೀ ಚಡ್ಡಿಯಲ್ಲಿ, ತಲೆ ಬಗ್ಗಿಸಿಕೊಂಡು, ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಕೂತಿದ್ದರು.

"ನೋಡಿ ಮಾರಾಯ್ರೆ, ಎಲ್ ಸಾಲ್ವಡಾರ್ ಅಂತೆ. ಹಿಡಿದು ಒಳಗೆ ಹಾಕಿದ್ರು, ಕಳ್ಳಕಾಕರ ಕಾಟವೇ ನಿಂತೋಯ್ತಂತೆ. ನಮ್ಮಲ್ಲೂ ಹೀಗೇ ಮಾಡ್ಬೇಕು" ಅಂದರು.

ಎರಡು ಚೀಲ ಅಡಿಕೆಯ ಬೆಲೆ ಏನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅವರ ಸಿಟ್ಟು ನ್ಯಾಯವೇ. ಆದರೆ ಆ ದೇಶದ ಕಥೆ ಓದುತ್ತಾ ಹೋದಾಗ ನನಗೆ ನೆನಪಾದದ್ದು ನಮ್ಮದೇ ಸಾಗರ ತಾಲೂಕಿನ ಕಾಗೋಡು.

ಮೊದಲು ಅಲ್ಲಿನ ಲೆಕ್ಕ ನೋಡೋಣ. ಎಲ್ ಸಾಲ್ವಡಾರ್ ಮಧ್ಯ ಅಮೆರಿಕದ ಪುಟ್ಟ ದೇಶ. ನಮ್ಮ ಶಿವಮೊಗ್ಗದಂಥ ಎರಡೂವರೆ ಜಿಲ್ಲೆ ಸೇರಿಸಿದರೆ ಅಷ್ಟು ಜಾಗ. ಜನಸಂಖ್ಯೆ ಸುಮಾರು 60 ಲಕ್ಷ. 2015ರಲ್ಲಿ ಅಲ್ಲಿ 6,600ಕ್ಕೂ ಹೆಚ್ಚು ಕೊಲೆಗಳಾದವು. ಅಪರಾಧವನ್ನು ಸಾಮಾನ್ಯವಾಗಿ ಒಂದು ಲಕ್ಷ ಜನರಿಗೆ ಇಷ್ಟು ಎಂದು ಅಳೆಯುತ್ತಾರೆ. ಆ ವರ್ಷ ಅದು ಲಕ್ಷಕ್ಕೆ ನೂರನ್ನು ದಾಟಿತ್ತು. ಭಾರತದಲ್ಲಿ 2022ರಲ್ಲಿ ದಾಖಲಾದ ಕೊಲೆ ಪ್ರಕರಣ 28,522, ಅಂದರೆ ಲಕ್ಷಕ್ಕೆ ಸುಮಾರು ಎರಡು. ಹೋಲಿಸಿ ನೋಡಿ.

2022ರ ಮಾರ್ಚ್ ಕೊನೆಯಲ್ಲಿ ಮೂರೇ ದಿನದಲ್ಲಿ 87 ಜನರ ಹತ್ಯೆಯಾಯಿತು. ಅಧ್ಯಕ್ಷ ನಯೀಬ್ ಬುಕೆಲೆ ಸರ್ಕಾರ ತುರ್ತು ಪರಿಸ್ಥಿತಿ ಹೇರಿತು. ವಾರಂಟ್ ಇಲ್ಲದೆ ಬಂಧನ ಶುರುವಾಯಿತು. 80 ಸಾವಿರಕ್ಕೂ ಹೆಚ್ಚು ಜನ ಒಳಗೆ ಹೋದರು. 40 ಸಾವಿರ ಜನರನ್ನು ಹಿಡಿಸುವ ಹೊಸ ಜೈಲು ಎದ್ದಿತು. 2024ರಲ್ಲಿ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಇಡೀ ವರ್ಷಕ್ಕೆ ಕೊಲೆ 114. ಬೀದಿಯಲ್ಲಿ ಭಯವಿಲ್ಲದೆ ಓಡಾಡುತ್ತಿದ್ದೇವೆ ಎಂದು ಅಲ್ಲಿನ ಬಹಳ ಜನ ಹೇಳುತ್ತಾರೆ. ಅದೂ ಸುಳ್ಳಲ್ಲ. ಆದರೆ ಏನೂ ಮಾಡದವರೂ ಸಾವಿರಾರು ಮಂದಿ ಜೈಲು ಸೇರಿದರು. ಎಷ್ಟೋ ಸಾವಿರ ಜನರನ್ನು ಸರ್ಕಾರವೇ ಆಮೇಲೆ ಬಿಟ್ಟು ಕಳಿಸಿತು. ವಿಚಾರಣೆ ಕಾಣದೆ ಜೈಲಿನಲ್ಲೇ ಸತ್ತವರೂ ಇದ್ದಾರೆ.

ಅಷ್ಟು ರಕ್ತ ಹರಿಯುವ ಸ್ಥಿತಿ ಬಂದದ್ದು ಹೇಗೆ? ಅಲ್ಲಿ ಬೆಳೆಯುತ್ತಿದ್ದದ್ದು ಕಾಫಿ. 1880ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರ ಊರೊಟ್ಟಿನ ಜಮೀನುಗಳನ್ನು ರದ್ದು ಮಾಡಿತು. ಭೂಮಿ ಕೆಲವೇ ಮನೆತನಗಳ ಕೈಸೇರಿತು, ಉತ್ತು ತಿನ್ನುತ್ತಿದ್ದವರು ಕೂಲಿಗಳಾದರು. 1932ರಲ್ಲಿ ರೈತರು ಬಂಡೆದ್ದಾಗ ಸೈನ್ಯ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತೆಂದು ಇತಿಹಾಸಕಾರರ ಅಂದಾಜು. ಭೂ ಸುಧಾರಣೆ ಬಂದದ್ದು 1980ರಲ್ಲಿ, ಅಷ್ಟರಲ್ಲಿ ಹೊತ್ತು ಮೀರಿತ್ತು. ಅದೇ ವರ್ಷ ಅಂತರ್ಯುದ್ಧ ಶುರುವಾಗಿ 1992ರವರೆಗೆ ನಡೆಯಿತು. ಸತ್ತವರು ಸುಮಾರು 75 ಸಾವಿರ. ಜೀವ ಉಳಿಸಿಕೊಳ್ಳಲು ಅಮೆರಿಕಕ್ಕೆ ಓಡಿದವರ ಮಕ್ಕಳಲ್ಲಿ ಕೆಲವರು ಲಾಸ್ ಏಂಜಲೀಸ್‌ನ ಬೀದಿ ಗ್ಯಾಂಗ್ ಸೇರಿದರು. ಅಮೆರಿಕ ಅವರನ್ನು ಹಿಡಿದು ವಾಪಸ್ ಕಳಿಸಿತು. ಗ್ಯಾಂಗ್‌ಗಳು ಅವರ ಜೊತೆಗೇ ಊರಿಗೆ ಬಂದವು.

ಈಗ ನಮ್ಮೂರಿಗೆ ಬರೋಣ. ಮಲೆನಾಡಿನವರು ಹುಟ್ಟಾ ಸಾಧುಗಳು, ನಮಗೂ ಬಂಡಾಯಕ್ಕೂ ದೂರ ಎಂದು ಕೆಲವರು ಹೇಳುವುದುಂಟು. ಇತಿಹಾಸ ಹಾಗೆ ಹೇಳುವುದಿಲ್ಲ. 1830ರಲ್ಲಿ ಕಂದಾಯದ ಹೊರೆ ತಾಳಲಾರದೆ ನಗರ ಸೀಮೆಯ ರೈತರು ಕೂಟ ಕಟ್ಟಿದರು, ಕಂದಾಯ ಕೊಡುವುದಿಲ್ಲ ಎಂದರು. ಕೆಳದಿ ಅರಸರ ವಾರಸುದಾರ ತಾನೇ ಎಂದುಕೊಂಡ ಬೂದಿ ಬಸವಪ್ಪ ಅದಕ್ಕೆ ಮುಂದಾಳಾದ. ಮೈಸೂರು ಸರ್ಕಾರ ಸೈನ್ಯ ಕಳಿಸಿತು, ಸಿಕ್ಕವರನ್ನು ನೇಣಿಗೆ ಹಾಕಿತು. ಬಂಡಾಯ ಇನ್ನಷ್ಟು ಹಬ್ಬಿತು. 1831ರಲ್ಲಿ ಬ್ರಿಟಿಷರು ಇದನ್ನೇ ನೆಪ ಮಾಡಿ ಮೈಸೂರಿನ ಆಡಳಿತ ಕಿತ್ತುಕೊಂಡರು. ಅರಸರಿಗೆ ಅದು ಮರಳಿ ಸಿಕ್ಕಿದ್ದು ಐವತ್ತು ವರ್ಷದ ಮೇಲೆ, 1881ರಲ್ಲಿ. ಇಂದು ಹೊಸನಗರ ತಾಲೂಕಿನ ಒಂದು ಸಣ್ಣ ಊರಾಗಿರುವ ನಗರದ ಹೆಸರಿನಲ್ಲಿ ಇಷ್ಟೆಲ್ಲ ನಡೆದಿದೆ.

ಅದಾಗಿ 120 ವರ್ಷಕ್ಕೆ ಕಾಗೋಡು. ಇಲ್ಲಿನ ಗೇಣಿದಾರರು ಹೆಚ್ಚಾಗಿ ದೀವರು. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಕೊಟ್ಟ ಗೇಣಿಗೆ ರಸೀದಿ ಇಲ್ಲ. ಬಿಟ್ಟಿ ಕೆಲಸ ಬೇರೆ. ಶಾಲಾ ಮೇಷ್ಟರಾಗಿದ್ದ ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ, ಕೊಳಗ ಸರಿಯಿರಲಿ, ರಸೀದಿ ಕೊಡಿ ಎಂದು ಕೇಳಿಸಿದರು. ಕೇಳಿದವರಿಗೆ ಗದ್ದೆ ಇಲ್ಲ ಎಂದಾಯಿತು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೇ ಇಳಿದರು. ಪೊಲೀಸರು ಹಿಡಿದರು. ಮರುದಿನ ಇನ್ನೊಂದು ತಂಡ ಇಳಿಯಿತು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಬಂದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನು ಸಾಗರದ ರೈಲು ನಿಲ್ದಾಣದಲ್ಲೇ ಬಂಧಿಸಲಾಯಿತು.

ಆ ವರ್ಷ ಯಾರಾದರೂ ಸಾಗರ ತಾಲೂಕಿನ ಅಪರಾಧದ ಲೆಕ್ಕ ತೆಗೆದಿದ್ದರೆ ಏನು ಕಾಣುತ್ತಿತ್ತು? ಬಂಧನಗಳು ದಿಢೀರ್ ಏರಿವೆ, ಊರು ಕೆಟ್ಟುಹೋಗಿದೆ ಎಂದೇ ಕಾಣುತ್ತಿತ್ತು. ಮೋಸದ ಕೊಳಗ ಮಾತ್ರ ಯಾವ ಠಾಣೆಯ ಪುಸ್ತಕದಲ್ಲೂ ಇರುತ್ತಿರಲಿಲ್ಲ.

ಹೋರಾಟ ಕೂಡಲೇ ಗೆಲ್ಲಲಿಲ್ಲ. ಆದರೆ ಜಗಳ ಜಾಗ ಬದಲಿಸಿತು. 1952ರ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಗೋಪಾಲಗೌಡರು ವಿಧಾನಸಭೆಗೆ ಹೋದರು. ಅದೇ ಚುನಾವಣೆಯಲ್ಲಿ ಕಾಗೋಡಿನ ಭೂಮಾಲೀಕ ಕೆ.ಜಿ. ಒಡೆಯರ್ ಕಾಂಗ್ರೆಸ್‌ನಿಂದ ಲೋಕಸಭೆಗೆ ಹೋದರು. ಗದ್ದೆಯ ಬದುವಿನ ಮೇಲೆ ಎದುರುಬದುರು ನಿಂತಿದ್ದ ಎರಡೂ ಪಕ್ಷಕ್ಕೆ ಮಾತಾಡಲು ಒಂದೊಂದು ಮನೆ ಸಿಕ್ಕಿತು. ದೇವರಾಜ ಅರಸು ಕಾಲದಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕೂತವು. ವಕೀಲರಿಗೆ ಅಲ್ಲಿ ಜಾಗ ಇರಲಿಲ್ಲ. ಗೇಣಿದಾರ ನಮೂನೆ 7 ತುಂಬಿ, ತನ್ನ ಮಾತು ತಾನೇ ಹೇಳಿಕೊಳ್ಳಬೇಕಿತ್ತು. 1951ರಲ್ಲಿ ಉತ್ತಿದ್ದಕ್ಕೆ ಜೈಲಿಗೆ ಹೋದಂಥವರು ಅದೇ ಉಳುಮೆಯ ಕಾರಣಕ್ಕೆ ಮಾಲೀಕರಾದರು.

ಎಲ್ಲವೂ ಸರಿಹೋಯಿತು ಎನ್ನುವುದಿಲ್ಲ. ಗೇಣಿಗೂ ಜಮೀನಿಲ್ಲದೆ ಬರೀ ಕೂಲಿ ಮಾಡುತ್ತಿದ್ದ ದಲಿತ ಕುಟುಂಬಗಳಿಗೆ ಈ ಕಾಯ್ದೆಯಿಂದ ಸಿಕ್ಕಿದ್ದು ಕಡಿಮೆ. ಜಮೀನು ಕಳೆದುಕೊಂಡ ಸಣ್ಣ ಹಿಡುವಳಿಯ ವಿಧವೆಯರ ಗೋಳೂ ಇತ್ತು. ಮುಂದೆ ಆಗುಂಬೆ ಕಡೆಯ ಕಾಡಿನಲ್ಲಿ ನಕ್ಸಲರ ಬಂದೂಕಿನ ಸದ್ದು ಕೇಳಿಸಿತು. ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದ, ಈ ಕಡೆಯವರಿಗೂ ಆ ಕಡೆಯವರಿಗೂ ಉತ್ತರ ಹೇಳಬೇಕಿದ್ದ ಕಾಡಂಚಿನ ಮನೆಗಳ ದಿನಗಳು ತೀರ್ಥಹಳ್ಳಿಯವರಿಗೆ ಇನ್ನೂ ನೆನಪಿವೆ. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಅದೂ ಮಾತುಕತೆಯಿಂದಲೇ ಆದದ್ದು.

ಎಲ್ ಸಾಲ್ವಡಾರ್‌ಗೂ ನಮಗೂ ನೂರು ವ್ಯತ್ಯಾಸಗಳಿವೆ. ಭೂಮಿ ಒಂದರಿಂದಲೇ ಎಲ್ಲ ಆಯಿತು ಎಂದರೆ ಅದು ಅತಿಮಾತು. ಆದರೂ ಭೂಮಿಯ ವ್ಯಾಜ್ಯಕ್ಕೆ ಹೊತ್ತಿಗೆ ಸರಿಯಾಗಿ ಒಂದು ಕಾಗದ, ಒಂದು ಮಂಡಳಿ, ಒಂದು ಓಟು ಸಿಕ್ಕಿದ್ದು ನಮ್ಮ ಊರುಗಳು ಇಂದು ಇಷ್ಟು ನೆಮ್ಮದಿಯಾಗಿರಲು ಒಂದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಠಾಣೆಯಲ್ಲಿ ಕೇಸು ಕಡಿಮೆ ಇರುವುದರ ಹಿಂದೆ ಪೊಲೀಸರಷ್ಟೇ ಪಹಣಿಯೂ ಇದೆ.

ಇದನ್ನು ಈಗ ಹೇಳಲು ಕಾರಣವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಸಾಗರ, ಹೊಸನಗರದಲ್ಲಿ ಮನೆ ಬಿಟ್ಟವರ ಎಷ್ಟೋ ಕುಟುಂಬಗಳಿಗೆ ಇನ್ನೂ ಹಕ್ಕುಪತ್ರ ಇಲ್ಲ. 2011ರ ಭೂಕಬಳಿಕೆ ನಿಷೇಧ ಕಾಯ್ದೆ ಬಂದಮೇಲೆ, ಅರ್ಧ ಎಕರೆ, ಒಂದು ಎಕರೆಯ ಬಗರ್‌ಹುಕುಂ ರೈತರೂ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ರಾತ್ರಿ ಬಸ್ಸು ಹತ್ತಿ ಓಡಾಡಿದ್ದಾರೆ. ಕಾಡು ಉಳಿಯಬೇಕು, ನೂರಾರು ಎಕರೆ ನುಂಗಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಅವರ ಸಾಲಿನಲ್ಲೇ ಇವರನ್ನೂ ನಿಲ್ಲಿಸಿದರೆ ನಾವು 1951ಕ್ಕೆ ವಾಪಸ್ ಹೋದ ಹಾಗೆ.

ಆ ಯಜಮಾನರಿಗೆ ಇಷ್ಟೆಲ್ಲ ಹೇಳಲಿಲ್ಲ. ಕಾಗೋಡಿನ ಕಥೆ ಮಾತ್ರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದರು. ಮೇಲಿದ್ದದ್ದು ಅವರ ಹೆಸರಿಗೆ ಬಂದ ಒತ್ತುವರಿ ನೋಟಿಸು. ಅದರ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದದ್ದು, ಅವರ ಅಪ್ಪನಿಗೆ ಭೂ ನ್ಯಾಯಮಂಡಳಿ ಕೊಟ್ಟ ಆದೇಶ.

"ಅಪ್ಪಯ್ಯನೂ ಒಡೆಯರ ಲೆಕ್ಕದಲ್ಲಿ ಕಳ್ಳನೇ ಆಗಿದ್ರು" ಅಂದು ನಕ್ಕರು.

ಅಡಿಕೆ ಕಳ್ಳ ಮಾತ್ರ ಇನ್ನೂ ಸಿಕ್ಕಿಲ್ಲ. ಸಿಗಲಿ, ಕೋರ್ಟು ವಿಚಾರಿಸಲಿ, ಶಿಕ್ಷೆ ಆಗಲಿ.