ಎಳೆ ಕಡಿಯದ ಇಂಕಾ ಮಗ್ಗ

ದಕ್ಷಿಣ ಅಮೆರಿಕದ ಇಂಕಾ ದೊರೆಗಳಿಗೆ ಚಿನ್ನಕ್ಕಿಂತ ನಯವಾದ ಬಟ್ಟೆಯೇ ಹೆಚ್ಚು ಬೆಲೆಯುಳ್ಳದ್ದಾಗಿತ್ತು. ಸೈನಿಕರಿಗೆ ಇನಾಮು, ಸೋತ ನಾಡಿನ ನಾಯಕರಿಗೆ ಉಡುಗೊರೆ, ದೇವರಿಗೆ ಆಹುತಿ ಎಲ್ಲವೂ ಬಟ್ಟೆಯೇ. ತೊಟ್ಟ ಉಡುಪೇ ವ್ಯಕ್ತಿಯ ಊರು, ಅಂತಸ್ತುಗಳನ್ನು ಸಾರುತ್ತಿತ್ತು. ಸ್ಪೇನಿನವರು 1532ರಲ್ಲಿ ಬಂದು ಆ ಸಾಮ್ರಾಜ್ಯವನ್ನು ಕೆಡವಿದರೂ ಉಡುಪಿನ ಶಕ್ತಿ ಉಳಿಯಿತು. 1780ರಲ್ಲಿ ಎರಡನೇ ಟುಪಾಕ್ ಅಮಾರು ಎಬ್ಬಿಸಿದ ದಂಗೆಯನ್ನು ಅಡಗಿಸಿದ ಮೇಲೆ ಅವರು ಇಂಕಾ ಉಡುಪನ್ನೇ ನಿಷೇಧಿಸಿದರು.

ನಿಷೇಧವನ್ನು ಮೀರಿ ಬದುಕಿದ ಕಲೆಗೆ ಇಪ್ಪತ್ತನೇ ಶತಮಾನದಲ್ಲಿ ಮಾರುಕಟ್ಟೆ ಮುಳುವಾಯಿತು. ರಾಸಾಯನಿಕ ಬಣ್ಣ, ಗಿರಣಿ ನೂಲು ಹರಡಿದವು. ಪ್ರವಾಸಿಗರು ಅಗ್ಗದ ಸರಕು ಕೇಳಿದರು. ವಾರಗಟ್ಟಲೆ ನೇಯ್ದ ಹೊದಿಕೆಗೆ ಕೂಲಿಯೂ ಗಿಟ್ಟದಿದ್ದರೆ ಮಕ್ಕಳು ಕಲಿಯುವುದಾದರೂ ಏಕೆ?

ಪೆರು ದೇಶದ ಕುಸ್ಕೋ ಸಮೀಪದ ಚಿಂಚೆರೋ ಗ್ರಾಮದ ನೇಕಾರ ಮಹಿಳೆ ನಿಲ್ಡಾ ಕಾಯಾನ್ಯೌಪಾ ಸಂಗಡಿಗರೊಡನೆ 1996ರಲ್ಲಿ ಸಾಂಪ್ರದಾಯಿಕ ಜವಳಿ ಕೇಂದ್ರವನ್ನು ಸ್ಥಾಪಿಸಿದರು. ಪ್ರವಾಸಿಯನ್ನು ದೂರವಿಡದೆ ಮಗ್ಗದ ಮುಂದೆಯೇ ಕೂರಿಸಿದರು. ತಕಲಿಯಲ್ಲಿ ಉಣ್ಣೆ ನೂಲುವುದು, ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೀಟದಿಂದ ಕೆಂಪು ಬಣ್ಣ ತೆಗೆಯುವುದು, ಸೊಂಟಕ್ಕೆ ಬಿಗಿದ ಮಗ್ಗದಲ್ಲಿ ಎಳೆ ಎಣಿಸಿ ಚಿತ್ತಾರ ಮೂಡಿಸುವುದು, ಇವನ್ನು ಕಣ್ಣಾರೆ ಕಂಡವನು ಚೌಕಾಸಿಗೆ ಹಿಂಜರಿಯುತ್ತಾನೆ.

ಇದರಲ್ಲಿ ಅಪಾಯವೂ ಉಂಟು. ತೋರಿಸುವುದು ಕೈಮಗ್ಗ, ಮಾರುವುದು ಯಂತ್ರದ ಬಟ್ಟೆ ಎಂದಾದರೆ ಕಲೆ ಬರಿಯ ನಾಟಕವಾಗುತ್ತದೆ. ಹಾಗಾಗದಂತೆ ಕಾಯುವ ಹೊಣೆ ನೇಯುವವರಷ್ಟೇ ಕೊಳ್ಳುವವರದೂ ಹೌದು.