ವಿಪಿಎನ್ ಕನೆಕ್ಟ್ ಆಗ್ತಿಲ್ವಾ? ತಡೆ ಎಲ್ಲಿದೆ ಅಂತ ಪತ್ತೆ ಹಚ್ಚೋದು ಹೀಗೆ

ಕಂಪ್ಯೂಟರ್‌ನಲ್ಲಿ ವಿಪಿಎನ್ ಆನ್ ಮಾಡಿದ್ರೆ 'ಕನೆಕ್ಟಿಂಗ್' ಅಂತ ಸುತ್ತುತ್ತಲೇ ಇರುತ್ತೆ, ಮುಂದಕ್ಕೆ ಹೋಗೋದೇ ಇಲ್ಲ. ಆಗ ಹೆಚ್ಚಿನವರು ಎರಡರಲ್ಲಿ ಒಂದು ಮಾತು ಹೇಳ್ತಾರೆ: 'ಈ ಆ್ಯಪ್ ಸರಿಯಿಲ್ಲ' ಅಥವಾ 'ಸರ್ಕಾರ ಬ್ಲಾಕ್ ಮಾಡಿಬಿಟ್ಟಿದೆ'. ನನ್ನ ಪ್ರಕಾರ ಪರೀಕ್ಷೆ ಮಾಡದೆ ಹೇಳಿದರೆ ಎರಡೂ ಅವಸರದ ತೀರ್ಪುಗಳೇ.

ಇದು ಬರೀ ಕಂಪ್ಯೂಟರ್ ರಿಪೇರಿಯ ವಿಷಯ ಅಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ವೆಬ್‌ಸೈಟ್, ಖಾತೆಗಳನ್ನು ತಡೆಯುವ ಆದೇಶ ಕೊಡಬಹುದು. 2009ರ ನಿಯಮಗಳಲ್ಲಿ 16ನೇ ನಿಯಮ ಈ ದೂರು, ಆದೇಶ, ಕ್ರಮಗಳೆಲ್ಲ ಗೋಪ್ಯವಾಗಿರಬೇಕು ಅನ್ನುತ್ತೆ. ಹಾಗಾಗಿ ಒಂದು ಪುಟ ತೆರೆಯದೇ ಇದ್ದಾಗ ಅದು ತಾಂತ್ರಿಕ ದೋಷವೋ, ಕಂಪನಿಯ ತಡೆಯೋ, ಸರ್ಕಾರದ ಆದೇಶವೋ ಅಂತ ನಮಗೆ ಯಾರೂ ಹೇಳಲ್ಲ. ಗೊತ್ತಾಗಬೇಕಾದ್ರೆ ನಾವೇ ಒಂದೊಂದಾಗಿ ಸೋಸಿ ನೋಡಬೇಕು. ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇಕಾದಾಗ ತೆಗೆದು ನೋಡೋ ಹಾಗೆ ಇಟ್ಟುಕೊಳ್ಳಿ.

ಮೊದಲು ದಾರಿಯ ನಕ್ಷೆ

ನಿಮ್ಮ ಮಾಹಿತಿ ಐದು ಕಡೆ ಹಾದು ಹೋಗುತ್ತೆ: ನಿಮ್ಮ ಕಂಪ್ಯೂಟರ್, ಮನೆಯ ಅಥವಾ ಹಾಸ್ಟೆಲ್‌ನ ವೈಫೈ, ಇಂಟರ್ನೆಟ್ ಕೊಡುವ ಕಂಪನಿ, ವಿಪಿಎನ್ ಸರ್ವರ್, ಕೊನೆಗೆ ನೀವು ನೋಡಬೇಕಾದ ಸೈಟ್. ವಿಪಿಎನ್ ಮಾಡೋದು ಇಷ್ಟೇ: ಕಂಪ್ಯೂಟರ್‌ನಿಂದ ತನ್ನ ಸರ್ವರ್‌ವರೆಗೆ ಒಂದು ಗೂಢಲಿಪಿಯ ಸುರಂಗ ಕೊರೆಯುತ್ತೆ. 'ಕನೆಕ್ಟ್ ಆಗ್ತಿಲ್ಲ' ಅಂದ್ರೆ ಮೊದಲ ನಾಲ್ಕರಲ್ಲಿ ಎಲ್ಲೋ ಸುರಂಗ ಮುಚ್ಚಿದೆ. 'ಕನೆಕ್ಟ್ ಆಗಿದೆ, ಆದ್ರೆ ಏನೂ ತೆರೀತಿಲ್ಲ' ಅನ್ನೋದು ಬೇರೆ ಕಾಯಿಲೆ. ಅದಕ್ಕೆ ಮದ್ದೂ ಬೇರೆ.

ಐದು ನಿಮಿಷದ ತಪಾಸಣೆ

ಒಂದು, ವಿಪಿಎನ್ ಆಫ್ ಮಾಡಿ ಯಾವುದಾದರೂ ಸೈಟ್ ತೆರೆಯಿರಿ. ತೆರೆಯದಿದ್ರೆ ತೊಂದರೆ ಇಂಟರ್ನೆಟ್‌ದು. ಆದರೆ ಇಲ್ಲೊಂದು ಮೋಸ ಇದೆ: 'ಕಿಲ್ ಸ್ವಿಚ್' ಅನ್ನೋ ಸೌಲಭ್ಯ. ಸುರಂಗ ಕಡಿದುಹೋದಾಗ ನಿಮ್ಮ ಗುರುತು ಹೊರಬೀಳದಿರಲಿ ಅಂತ ಇದು ಇಡೀ ಇಂಟರ್ನೆಟ್ಟನ್ನೇ ನಿಲ್ಲಿಸುತ್ತೆ. ಕೆಲವು ಆ್ಯಪ್‌ಗಳಲ್ಲಿ ರೀಸ್ಟಾರ್ಟ್ ಆದ ಮೇಲೂ ಅದು ಹಾಗೇ ಇರುತ್ತೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ, ಮತ್ತೆ ನೋಡಿ.

ಎರಡು, ಹೋಟೆಲ್, ರೈಲ್ವೆ ನಿಲ್ದಾಣ, ಕೆಫೆಗಳ ವೈಫೈಯಲ್ಲಿ ಮೊಬೈಲ್ ನಂಬರ್, ಓಟಿಪಿ ಕೇಳುವ ಪುಟ ಬರುತ್ತೆ. ಅದು ಮುಗಿಯೋವರೆಗೆ ವಿಪಿಎನ್‌ಗೆ ದಾರಿ ಇಲ್ಲ. ಮೊದಲು ಲಾಗಿನ್ ಆಗಿ, ಆಮೇಲೆ ವಿಪಿಎನ್ ಹಾಕಿ.

ಮೂರು, ಗಡಿಯಾರ. ನಗಬೇಡಿ. ಸರ್ವರ್‌ನ ಪ್ರಮಾಣಪತ್ರಕ್ಕೆ ಶುರುವಿನ ದಿನ, ಮುಗಿಯುವ ದಿನ ಇರುತ್ತೆ. ಕಂಪ್ಯೂಟರ್ ತಾರೀಖು ಹಿಂದೆ ಮುಂದೆ ಆಗಿದ್ರೆ ಸಾಚಾ ಪ್ರಮಾಣಪತ್ರವೂ ನಕಲಿ ಥರ ಕಾಣುತ್ತೆ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತಾಗ ಹೀಗಾಗುತ್ತೆ. ಸಮಯವನ್ನು 'ಆಟೋಮ್ಯಾಟಿಕ್' ಮಾಡಿ.

ನಾಲ್ಕು, ಚಂದಾ ಮುಗಿದಿದೆಯಾ, ಒಂದೇ ಖಾತೆ ಮಿತಿಗಿಂತ ಹೆಚ್ಚು ಸಾಧನಗಳಲ್ಲಿ ಓಡ್ತಿದೆಯಾ ನೋಡಿ. ಐದು, ಬೇರೆ ದೇಶದ ಸರ್ವರ್ ಆರಿಸಿ. ಒಂದು ಸರ್ವರ್ ಕೆಟ್ಟಿದ್ರೆ ಇಡೀ ಸೇವೆ ಕೆಟ್ಟಂತಲ್ಲ.

ಹಾಟ್‌ಸ್ಪಾಟ್ ಪರೀಕ್ಷೆ

ಒಂದೇ ಒಂದು ಪರೀಕ್ಷೆ ಮಾಡೋಕೆ ಸಮಯ ಇದೆ ಅಂದ್ರೆ ಇದನ್ನೇ ಮಾಡಿ ಅಂತೀನಿ. ವೈಫೈ ಬಿಟ್ಟು, ಫೋನ್‌ನ ಹಾಟ್‌ಸ್ಪಾಟ್ ಮೂಲಕ ಅದೇ ಕಂಪ್ಯೂಟರ್‌ನಲ್ಲಿ ಅದೇ ವಿಪಿಎನ್ ಹಾಕಿ. ಫೋನ್‌ನ ಸಿಮ್, ಮನೆಯ ಬ್ರಾಡ್‌ಬ್ಯಾಂಡ್ ಬೇರೆ ಬೇರೆ ಕಂಪನಿಯದಾಗಿದ್ರೆ ಇನ್ನೂ ಒಳ್ಳೇದು.

ಹಾಟ್‌ಸ್ಪಾಟ್‌ನಲ್ಲಿ ಕನೆಕ್ಟ್ ಆದ್ರೆ ನಿಮ್ಮ ಕಂಪ್ಯೂಟರ್, ಖಾತೆ, ಆ್ಯಪ್ ಮೂರೂ ಸರಿ ಇವೆ. ತಡೆ ಇರೋದು ಆ ವೈಫೈಯಲ್ಲಿ ಅಥವಾ ಆ ಕಂಪನಿಯಲ್ಲಿ. ಕಾಲೇಜು, ಆಫೀಸುಗಳ ಫೈರ್‌ವಾಲ್‌ಗಳು ವಿಪಿಎನ್ ತಡೆಯೋದು ತೀರಾ ಸಾಮಾನ್ಯ. ಎರಡೂ ಕಡೆ ಆಗದಿದ್ರೆ, ಅದೇ ಖಾತೆಯನ್ನು ಅದೇ ವೈಫೈಯಲ್ಲಿ ಫೋನ್‌ನಲ್ಲಿ ಹಾಕಿ ನೋಡಿ. ಫೋನ್‌ನಲ್ಲಿ ಆಯ್ತು ಅಂದ್ರೆ ಅನುಮಾನ ಕಂಪ್ಯೂಟರ್ ಮೇಲೆ. ಆದ್ರೆ ಎರಡರಲ್ಲೂ ಒಂದೇ ಪ್ರೋಟೋಕಾಲ್ ಇರಬೇಕು, ಇಲ್ಲದಿದ್ರೆ ಹೋಲಿಕೆಗೆ ಅರ್ಥವಿಲ್ಲ.

ಕಂಪನಿ ಬದಲಿಸಿ ನೋಡೋದಕ್ಕೆ ನಮ್ಮ ದೇಶದಲ್ಲಿ ವಿಶೇಷ ಕಾರಣವೂ ಇದೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಭಾರತದಲ್ಲಿ ವೆಬ್‌ಸೈಟ್‌ಗಳನ್ನು ಹೇಗೆ ತಡೀತಾರೆ ಅಂತ ಅಧ್ಯಯನ ಮಾಡಿದ್ದಾರೆ. ಕಂಪನಿಗಳ ವಿಧಾನವೂ ಒಂದೇ ಅಲ್ಲ, ತಡೆದ ಸೈಟ್‌ಗಳ ಪಟ್ಟಿಯೂ ಒಂದೇ ಅಲ್ಲ ಅಂತ ಅವರಿಗೆ ಕಂಡುಬಂತು. ಒಂದು ಕಂಪನಿಯಲ್ಲಿ ತೆರೆಯದ್ದು ಇನ್ನೊಂದರಲ್ಲಿ ಸಲೀಸಾಗಿ ತೆರೆಯಬಹುದು.

ಪ್ರೋಟೋಕಾಲ್ ಬದಲಿಸಿ

ಸುರಂಗ ಕೊರೆಯೋಕೆ ಹಲವು ವಿಧಾನಗಳಿವೆ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ರೋಟೋಕಾಲ್' ಅಂತ ಸಿಗುತ್ತೆ.

ವೈರ್‌ಗಾರ್ಡ್: ವೇಗ ಜಾಸ್ತಿ. ಯುಡಿಪಿ ಬಳಸುತ್ತೆ, ರೂಢಿಯ ಪೋರ್ಟ್ 51820. ಗುರುತಿಲ್ಲದವರಿಗೆ ಇದರ ಸರ್ವರ್ ಉತ್ತರವನ್ನೇ ಕೊಡಲ್ಲ. ಹಾಗಾಗಿ ಕೀ ತಪ್ಪಿದ್ರೂ, ದಾರಿ ಮುಚ್ಚಿದ್ರೂ ನಿಮಗೆ ಕಾಣೋದು ಒಂದೇ, ಮೌನ.

ಓಪನ್‌ವಿಪಿಎನ್: ಯುಡಿಪಿಯಲ್ಲಿ 1194 ಪೋರ್ಟ್, ಇಲ್ಲವೇ ಟಿಸಿಪಿಯಲ್ಲಿ 443. ಈ 443 ಅನ್ನೋದು ಸುರಕ್ಷಿತ ವೆಬ್‌ಸೈಟ್‌ಗಳು ಬಳಸುವ ಬಾಗಿಲು. ಅದನ್ನು ಮುಚ್ಚಿದ್ರೆ ಬ್ಯಾಂಕ್ ಸೈಟೂ ತೆರೆಯಲ್ಲ, ಅದಕ್ಕೇ ಯಾರೂ ಸುಲಭಕ್ಕೆ ಮುಚ್ಚಲ್ಲ. ವೇಗ ಕಡಿಮೆ, ಆದ್ರೆ ಕಟ್ಟುನಿಟ್ಟಿನ ವೈಫೈಯಲ್ಲಿ ದಾಟಿಹೋಗುವ ಸಾಧ್ಯತೆ ಹೆಚ್ಚು.

ಐಕೆಇವಿ2: ಯುಡಿಪಿ 500 ಮತ್ತು 4500 ಪೋರ್ಟ್‌ಗಳು ಬೇಕು. ಪಿಪಿಟಿಪಿ ಅನ್ನೋ ಹಳೇ ವಿಧಾನ ಇನ್ನೂ ಕೆಲವು ಕಡೆ ಸಿಗುತ್ತೆ. ಅದರ ಭದ್ರತೆ ಮುರಿದು ಬಹಳ ಕಾಲವಾಯ್ತು, ಮುಟ್ಟಬೇಡಿ.

ಚೀನಾ, ರಷ್ಯಾಗಳಲ್ಲಿ ಪೋರ್ಟ್ ಅಲ್ಲ, ಸಂಚಾರದ ಚಹರೆಯನ್ನೇ ನೋಡಿ ವಿಪಿಎನ್ ಗುರುತಿಸಿ ತಡೆಯುತ್ತಾರೆ. ಅದಕ್ಕಾಗಿಯೇ ವಿಪಿಎನ್ ಅನ್ನು ಸಾಮಾನ್ಯ ವೆಬ್ ಸಂಚಾರದ ಥರ ಕಾಣಿಸುವ ವೇಷದ ವಿಧಾನಗಳು ಬಂದಿವೆ. ಪ್ರೋಟಾನ್‌ನ 'ಸ್ಟೆಲ್ತ್' ಅಂಥದ್ದೊಂದು. 443ರಲ್ಲೂ ಆಗದೆ ವೇಷ ಹಾಕಿದಾಗ ಮಾತ್ರ ಆಯ್ತು ಅಂದ್ರೆ, ಯಾರೋ ವಿಪಿಎನ್ ಅನ್ನೇ ಹುಡುಕಿ ತಡೀತಿದ್ದಾರೆ ಅನ್ನೋ ಅನುಮಾನಕ್ಕೆ ಬಲ ಬರುತ್ತೆ.

ಎರರ್ ಸಂದೇಶ ಓದಿ

ಹೆಚ್ಚಿನವರು ಎರರ್ ಬಂದ ತಕ್ಷಣ ಕ್ಲೋಸ್ ಮಾಡ್ತಾರೆ. ಅದರಲ್ಲೇ ಉತ್ತರ ಇರುತ್ತೆ.

'ಅಥೆಂಟಿಕೇಷನ್ ಫೇಲ್ಡ್' ಅಂದ್ರೆ ಸರ್ವರ್‌ವರೆಗೆ ಹೋಗಿದ್ದೀರಿ, ಖಾತೆಯ ವಿವರ ಒಪ್ಪಿಗೆಯಾಗಿಲ್ಲ. 'ಟೈಮ್ಡ್ ಔಟ್' ಅಂದ್ರೆ ಉತ್ತರವೇ ಬಂದಿಲ್ಲ, ದಾರಿ ನೋಡಿ. 'ಟಿಎಲ್‌ಎಸ್ ಹ್ಯಾಂಡ್‌ಶೇಕ್ ಫೇಲ್ಡ್' ಅಂದ್ರೆ ಗಡಿಯಾರ ಅಥವಾ ದಾರಿಯ ತಡೆ. 'ಟ್ಯಾಪ್ ಅಡಾಪ್ಟರ್' ಅನ್ನೋ ಮಾತು ಬಂದ್ರೆ ಕಂಪ್ಯೂಟರ್‌ನ ಒಳಗಿನ ಡ್ರೈವರ್ ಕೆಟ್ಟಿದೆ.

ವಿಂಡೋಸ್‌ನ ಸ್ವಂತ ವಿಪಿಎನ್ ಬಳಸುವವರಿಗೆ ಅಂಕಿಗಳು ಬರುತ್ತವೆ. 691 ಅಂದ್ರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 809 ಅಂದ್ರೆ ನಡುವೆ ಫೈರ್‌ವಾಲ್ ಅಥವಾ ರೌಟರ್ ತಡೆದಿದೆ. 868 ಅಂದ್ರೆ ಸರ್ವರ್‌ನ ಹೆಸರಿಗೆ ವಿಳಾಸ ಸಿಗ್ತಿಲ್ಲ, ಡಿಎನ್‌ಎಸ್ ನೋಡಿ.

ದೋಷ ಕಂಪ್ಯೂಟರ್‌ನಲ್ಲೇ ಇದ್ದರೆ

ಎರಡು ವಿಪಿಎನ್ ಆ್ಯಪ್‌ಗಳಿದ್ರೆ ಒಂದನ್ನು ಪೂರ್ತಿ ಮುಚ್ಚಿ, ಅವು ಒಂದರ ಕಾಲು ಒಂದು ಎಳೀತವೆ. ಆ್ಯಂಟಿವೈರಸ್‌ನಲ್ಲಿ ವಿಪಿಎನ್ ಆ್ಯಪ್‌ಗೆ ಅನುಮತಿ ಕೊಡಿ. ಆ್ಯಂಟಿವೈರಸ್ಸನ್ನೇ ಕಿತ್ತುಹಾಕೋ ಅಗತ್ಯವಿಲ್ಲ. ಮ್ಯಾಕ್‌ನಲ್ಲಿ ಹೊಸ ವಿಪಿಎನ್ ಹಾಕಿದಾಗ ಸಿಸ್ಟಂ ಅನುಮತಿ ಕೇಳುತ್ತೆ. ಆಗ 'ಡೋಂಟ್ ಅಲೋ' ಒತ್ತಿದ್ದರೆ ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ ಒಪ್ಪಿಗೆ ಕೊಡಬೇಕು.

ಆಮೇಲೆ ಆ್ಯಪ್ ತೆಗೆದು, ರೀಸ್ಟಾರ್ಟ್ ಮಾಡಿ, ಕಂಪನಿಯ ಅಧಿಕೃತ ಸೈಟ್‌ನಿಂದಲೇ ಮತ್ತೆ ಹಾಕಿ. ಕೊನೇ ಅಸ್ತ್ರ ವಿಂಡೋಸ್‌ನ 'ನೆಟ್‌ವರ್ಕ್ ರಿಸೆಟ್'. ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತೆ. ಇದು ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗಳನ್ನು ತೆಗೆದು ಹೊಸದಾಗಿ ಹಾಕುತ್ತೆ. ವೈಫೈ ಪಾಸ್‌ವರ್ಡ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಕನೆಕ್ಟ್ ಆಗಿದೆ, ಆದರೆ ಏನೂ ತೆರೀತಿಲ್ಲ

ಇಲ್ಲಿ ಸಾಮಾನ್ಯವಾಗಿ ಮೂರು ಕಾರಣ. ಒಂದು, ಡಿಎನ್‌ಎಸ್. ನೀವೇ ಕೈಯಾರೆ ಹಾಕಿದ ಡಿಎನ್‌ಎಸ್ ವಿಳಾಸ ಇದ್ದರೆ ತೆಗೆದು, ವಿಪಿಎನ್‌ದೇ ಬಳಸಿ. ಎರಡು, ಐಪಿವಿ6. ಹಳೇ ವಿಪಿಎನ್‌ಗಳು ಐಪಿವಿ4 ಮಾತ್ರ ಸುರಂಗಕ್ಕೆ ಹಾಕ್ತವೆ. ಉಳಿದದ್ದು ಸಿಕ್ಕಿಹಾಕಿಕೊಳ್ಳುತ್ತೆ ಅಥವಾ ಹೊರಗೆ ಸೋರುತ್ತೆ. ಮೂರು, ಎಂಟಿಯು, ಅಂದ್ರೆ ಒಂದು ಸಲಕ್ಕೆ ಕಳಿಸುವ ಪೊಟ್ಟಣದ ಗಾತ್ರ. ಸಾಮಾನ್ಯ ಜಾಲದಲ್ಲಿ 1500, ವೈರ್‌ಗಾರ್ಡ್‌ನಲ್ಲಿ ಸಾಮಾನ್ಯವಾಗಿ 1420. ಕೆಲವು ಪುಟಗಳು ಅರ್ಧ ತೆರೆದು ನಿಂತ್ರೆ ಇದನ್ನು 1280ಕ್ಕೆ ಇಳಿಸಿ ನೋಡಿ.

ಕಾನೂನು ಏನನ್ನುತ್ತೆ?

ಭಾರತದಲ್ಲಿ ವಿಪಿಎನ್ ಬಳಸೋದನ್ನೇ ಅಪರಾಧ ಅನ್ನುವ ರಾಷ್ಟ್ರವ್ಯಾಪಿ ಕಾನೂನಿಲ್ಲ. ಆದ್ರೆ ಜಮ್ಮು-ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶದಿಂದ ನಿರ್ದಿಷ್ಟ ಅವಧಿಗೆ ನಿಷೇಧ ಹೇರಿದ್ದುಂಟು. ಅಲ್ಲಿಗೆ ಹೋಗುವವರು ಸ್ಥಳೀಯ ಆದೇಶ ನೋಡಿಕೊಳ್ಳಬೇಕು.

2022ರ ಏಪ್ರಿಲ್ 28ರಂದು ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ಗ್ರಾಹಕರ ಹೆಸರು, ವಿಳಾಸ, ಫೋನ್, ಐಪಿ ವಿವರಗಳನ್ನು ವಿಪಿಎನ್ ಕಂಪನಿಗಳು 5 ವರ್ಷ ಇಟ್ಟುಕೊಳ್ಳಬೇಕು ಅಂತ. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್, ಪ್ರೋಟಾನ್ ಮುಂತಾದವು ಇದನ್ನು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ಹಳೇ ಕಾನ್ಫಿಗರೇಷನ್ ಫೈಲ್‌ನಲ್ಲಿ ಭಾರತದ ಸರ್ವರ್ ವಿಳಾಸ ಇದ್ದು ಅದು ಉತ್ತರಿಸದಿದ್ರೆ ಇದೂ ಕಾರಣ ಇರಬಹುದು. 2025ರ ಆರಂಭದಲ್ಲಿ ಕ್ಲೌಡ್‌ಫ್ಲೇರ್‌ನ 1.1.1.1 ಸೇರಿ ಹಲವು ವಿಪಿಎನ್ ಆ್ಯಪ್‌ಗಳು ಭಾರತದ ಆ್ಯಪ್ ಸ್ಟೋರ್‌ಗಳಿಂದ ತೆಗೆಯಲ್ಪಟ್ಟವು. ಆ್ಯಪ್ ಸಿಗದಿರೋದು, ಸುರಂಗ ಮುಚ್ಚಿರೋದು ಬೇರೆ ಬೇರೆ ಅನ್ನೋದು ನೆನಪಿರಲಿ.

ಪೂರ್ತಿ ಇಂಟರ್ನೆಟ್ ಸ್ಥಗಿತ ಮಾಡಿದಾಗ ಯಾವ ವಿಪಿಎನ್ನೂ ಕೆಲಸಕ್ಕೆ ಬರಲ್ಲ. ರಸ್ತೆಯೇ ಇಲ್ಲದ ಮೇಲೆ ಸುರಂಗ ಎಲ್ಲಿಂದ? ಆದ್ರೆ ಅಂಥ ಸ್ಥಗಿತದ ಆದೇಶಗಳನ್ನು ಪ್ರಕಟಿಸಬೇಕು ಅಂತ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದೇ ಹೇಳಿದೆ. ಆದೇಶದ ಪ್ರತಿ ಕೇಳೋದು ನಮ್ಮ ಹಕ್ಕು.

ಕನೆಕ್ಟ್ ಆದ ಮೇಲೂ ಎಚ್ಚರ

ವಿಪಿಎನ್ ನಿಮ್ಮನ್ನು ಅದೃಶ್ಯ ಮಾಡಲ್ಲ. ಇಂಟರ್ನೆಟ್ ಕಂಪನಿ ನೋಡ್ತಿದ್ದದ್ದನ್ನು ಈಗ ವಿಪಿಎನ್ ಕಂಪನಿ ನೋಡಬಹುದು, ಅಷ್ಟೇ. ಗೂಗಲ್‌ಗೋ ಫೇಸ್‌ಬುಕ್‌ಗೋ ಲಾಗಿನ್ ಆಗಿದ್ರೆ ಅವರಿಗೆ ನೀವ್ಯಾರು ಅಂತ ಗೊತ್ತು. ಪುಕ್ಕಟೆ ವಿಪಿಎನ್ ವಿಷಯದಲ್ಲಿ ಒಂದು ಹೆಸರು ನೆನಪಿಡಿ: ಒನಾವೋ. ಫೇಸ್‌ಬುಕ್ 2013ರಲ್ಲಿ ಕೊಂಡ ಈ ವಿಪಿಎನ್, ಬಳಕೆದಾರರು ಯಾವ ಯಾವ ಆ್ಯಪ್ ಬಳಸ್ತಾರೆ ಅನ್ನೋದನ್ನು ಫೇಸ್‌ಬುಕ್‌ಗೆ ತಿಳಿಸ್ತಿತ್ತು. 2019ರಲ್ಲಿ ಅದನ್ನು ಮುಚ್ಚಿದರು.

ದಾಖಲಿಸಿ ಇಡಿ

ಇಷ್ಟೆಲ್ಲ ಮಾಡಿದ ಮೇಲೆ ತಡೆ ನಿಮ್ಮ ಕಂಪ್ಯೂಟರ್‌ನಲ್ಲಿಲ್ಲ ಅಂತ ಖಚಿತವಾದ್ರೆ ಸುಮ್ಮನಿರಬೇಡಿ. ದಿನಾಂಕ, ಸಮಯ, ಊರು, ಇಂಟರ್ನೆಟ್ ಕಂಪನಿ, ಪ್ರೋಟೋಕಾಲ್, ಎರರ್ ಸಂದೇಶ, ಈ ಆರನ್ನೂ ಬರೆದಿಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಬೇರೆ ಊರಿನ, ಬೇರೆ ಕಂಪನಿಯ ಗೆಳೆಯರಿಗೂ ಅದೇ ಪರೀಕ್ಷೆ ಮಾಡೋಕೆ ಹೇಳಿ. ಆಮೇಲೆ ಕಂಪನಿಗೆ ಲಿಖಿತವಾಗಿ ಕೇಳಿ: ಇದನ್ನು ನೀವು ತಡೆದಿದ್ದೀರಾ, ಯಾವ ಆದೇಶದ ಮೇಲೆ? ಉತ್ತರ ಬರದೇ ಇರಬಹುದು. 'ಬ್ಲಾಕ್ ಮಾಡಿಬಿಟ್ಟಿದ್ದಾರೆ' ಅನ್ನೋ ಬರೀ ಕೂಗನ್ನು ಯಾರು ಬೇಕಾದ್ರೂ ತಳ್ಳಿಹಾಕಬಹುದು. ಮೂರು ಊರಿನ, ಎರಡು ಕಂಪನಿಯ, ಸಮಯ ಸಮೇತದ ದಾಖಲೆಯನ್ನು ಹಾಗೆ ತಳ್ಳಿಹಾಕೋದು ಕಷ್ಟ.